ಆರ್ವಿಲ್ ಟೆಸ್ಮರನ ಮೌನ

ಟೆಲಿಫೋನಿನಲ್ಲಿ ಆರ್ವಿಲ್ ಟೆಸ್ಮರನಷ್ಟು ಸುದೀರ್ಘವಾಗಿ ಸುಮ್ಮನಿರಬಲ್ಲ ಮನುಷ್ಯನನ್ನು ಐಡೆಲ್ಲಾ ಕ್ರಾಂಟ್ಸ್ ಕಂಡಿರಲಿಲ್ಲ. ಡುಲೂತ್‌ನ ಅಮೆರಿಕನ್ ಫುಟ್‌ಬಾಲ್ ತಂಡದ ವ್ಯವಸ್ಥಾಪಕನಾಗಿದ್ದ ಆತ ಆಟಗಾರರ ಕೊಡುಕೊಳ್ಳುವಿಕೆಯಲ್ಲಿ ತನ್ನ ಬೆಲೆಯನ್ನು ಒಮ್ಮೆ ಹೇಳಿದನೆಂದರೆ ಮುಗಿಯಿತು. ಆಮೇಲೆ ರಿಸೀವರನ್ನು ಕಿವಿಗೊತ್ತಿಕೊಂಡು, ಮೊಣಕೈ ಸವೆದ ಕಂದು ಉಣ್ಣೆಕೋಟಿನಲ್ಲಿ ಎಡಗಾಲನ್ನು ತುಸು ಎಳೆಯುತ್ತ, ತಂತಿ ಎಟುಕುವಷ್ಟು ದೂರ ನಡೆದು ಮರಳುವನು. ಹಿಂದೊಮ್ಮೆ ಆ ನೀರವತೆಯನ್ನು ತಾಳಲಾರದೆ ಎದುರಿನವನು, ಯಾರೂ ಕೇಳದಿದ್ದರೂ, ಇನ್ನೊಬ್ಬ ಆಟಗಾರನನ್ನೇ ಸೇರಿಸಿ ಕೊಟ್ಟಿದ್ದ. ಹದಿನಾಲ್ಕು ವರ್ಷ ಅವನ ಕೈಕೆಳಗೆ ದುಡಿದ ಐಡೆಲ್ಲಾ ಅದನ್ನು ಜಾಣತನವೆಂದೇ ನಂಬಿದ್ದಳು, ಆ ಏಪ್ರಿಲಿನ ಶುಕ್ರವಾರದವರೆಗೆ.

ಅಂದು ಡ್ರಾಫ್ಟಿನ ಎರಡನೆಯ ದಿನ. ಕಾಲೇಜಿನ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತಿದ್ದವು. ತನ್ನ ಸರದಿಯನ್ನು ಬಿಟ್ಟುಕೊಟ್ಟು ಬದಲಿಗೆ ಬೇರೆ ತಂಡದ ಹಳೆಯ ಆಟಗಾರನನ್ನು ಪಡೆಯಲೂಬಹುದಿತ್ತು; ಸುತ್ತು ಮೊದಲಿನದಾದಷ್ಟೂ ಅದರ ಬೆಲೆ ಹೆಚ್ಚು. ಸ್ಯಾಕ್ರಮೆಂಟೊ ತಂಡದ ಹಾಲ್ವರ್ಸನ್ ಕರೆಮಾಡಿದ.

"ಆರ್ವಿಲ್, ನಮ್ಮ ಸರದಿ ಬಂದಿದೆ, ಏಳು ನಿಮಿಷ ಇದೆ. ಈ ಎರಡನೇ ಸುತ್ತಿನ ಆಯ್ಕೆ ನೀನೇ ಇಟ್ಕೋ, ಬ್ರೂಸಾರ್‌ನ ನಂಗೆ ಕೊಡು."

ಥಾಡಿಯಸ್ ಬ್ರೂಸಾರ್! ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕಿನ ಮುಂದೆ ಹನ್ನೊಂದು ವರ್ಷ ಗೋಡೆಯಂತೆ ನಿಂತು, ನುಗ್ಗಿ ಬಂದವರನ್ನೆಲ್ಲ ಎದೆಯಲ್ಲೇ ತಡೆದವನು. ವಯಸ್ಸು ಮೂವತ್ತಮೂರು. ಅಂಥವನಿಗೆ ಎರಡನೆಯ ಸುತ್ತೆಂದರೆ ಭಾಗ್ಯವೇ. ಐಡೆಲ್ಲಾ ಕಣ್ಣಲ್ಲೇ 'ಒಪ್ಪಿಕೋ' ಎಂದಳು. ಆರ್ವಿಲ್ "ಎರಡು ನಿಮಿಷ ತಡಿ" ಎಂದವನೇ ಇನ್ನೊಂದು ಫೋನಿನಲ್ಲಿ ಥಾಡಿಯಸನನ್ನೇ ಕರೆದ.

"ಸ್ಯಾಕ್ರಮೆಂಟೊದವ್ರು ನಿನ್ನ ಕೇಳ್ತಿದ್ದಾರೆ. ನೀನು ಬೇಡ ಅಂದ್ರೆ ಇಲ್ಲೇ ಇರ್ತೀಯ."

"ಅವ್ರು ಗೆಲ್ತಾರಾ, ಯಜಮಾನ್ರೇ?"

"ಈ ವರ್ಷ ಗೆಲ್ಲೋ ತಂಡ ಅದು. ನಮ್ದಲ್ಲ."

ಅತ್ತ ಒಂದು ನಿಟ್ಟುಸಿರು. "ಹಾಗಾದ್ರೆ ಹೋಗ್ತೀನಿ."

"ಭುಜದ ವಿಷಯ ಹೇಳ್ತೀನಿ ಅವ್ರಿಗೆ."

ಥಾಡಿಯಸ್ ಗಹಗಹಿಸಿದ. "ಅದನ್ನ ಹೇಳಿದ್ರೆ ಈ ಮುದಿ ಎತ್ತನ್ನ ಯಾರು ಕೊಳ್ತಾರೆ? ಹೇಳಿ, ಹೇಳಿ. ಅಲ್ಲಿ ಹೋಗಿ ಮುಚ್ಚಿಟ್ಕೊಂಡು ನಿಲ್ಲೋದು ನಂಗೂ ಆಗಲ್ಲ."

ಆರ್ವಿಲ್ ಹಾಲ್ವರ್ಸನ್‌ಗೆ ಹೇಳಿದ: ಬೆಳಗಿನ ಹೊತ್ತು ಅವನಿಗೆ ಎಡಗೈ ತಲೆಗಿಂತ ಮೇಲಕ್ಕೆ ಏಳುವುದಿಲ್ಲ. ಹನ್ನೆರಡು ಪಂದ್ಯ ಖಂಡಿತ ಆಡುತ್ತಾನೆ, ಋತುವಿನ ಹದಿನೇಳಕ್ಕೂ ಮಾತು ಕೊಡಲಾರೆ. ಕೋಣೆಯಲ್ಲಿದ್ದ ತಂಡದ ಮಾಲೀಕ ಕುರ್ಚಿಯಿಂದ ಧಿಗ್ಗನೆದ್ದ.

"ಇದನ್ನ ಯಾಕಪ್ಪಾ ಹೇಳ್ದೆ? ನಾನು ಕೇಳ್ಲೇ ಇಲ್ವಲ್ಲ!" ಎಂದ ಹಾಲ್ವರ್ಸನ್ ಫೋನಿನಲ್ಲಿ.

"ನೀನು ಕೇಳ್ಲಿಲ್ಲ, ಅದಕ್ಕೇ ಹೇಳ್ದೆ. ಅವ್ನು ಮೂರನೇ ಸುತ್ತಿಗಂತೂ ಕಡಿಮೆ ಅಲ್ಲ."

ಅನಂತರ ಆ ಮೌನ. ಗಡಿಯಾರ ಎರಡು ನಿಮಿಷಕ್ಕಿಳಿಯಿತು, ಒಂದಕ್ಕಿಳಿಯಿತು. ಬೆಲೆ ಏರಿಸುವ ಹೂಟವಲ್ಲ ಅದು, ಎದುರಿನವನಿಗೆ ಯೋಚಿಸಲು ಬಿಟ್ಟುಕೊಟ್ಟ ತೆರಪು ಎಂಬುದು ಐಡೆಲ್ಲಾಳಿಗೆ ಆ ಕ್ಷಣ ಹೊಳೆಯಿತು.

"ಸರಿ ಮಾರಾಯ," ಎಂದ ಹಾಲ್ವರ್ಸನ್. "ಮೂರನೇದು. ಹನ್ನೆರಡು ಪಂದ್ಯ ಸಾಕು ನಂಗೆ."

ಥಾಡಿಯಸ್ ಹದಿಮೂರು ಆಡಿದ. ಹದಿನಾಲ್ಕನೆಯದರಲ್ಲಿ ಭುಜ ಕೈಕೊಟ್ಟಿತು. ಅವನಿಲ್ಲದ ಸ್ಯಾಕ್ರಮೆಂಟೊ ಸೆಮಿಫೈನಲಿನಲ್ಲಿ ಸೋತಿತು. ಆ ಆಯ್ಕೆಯಿಂದ ಡುಲೂತ್‌ಗೆ ಬಂದ ತರುಣ ಎರಡೇ ವರ್ಷದಲ್ಲಿ ಮರೆಯಾದ. ಎರಡನೆಯ ಸುತ್ತನ್ನು ಕೈಯಾರೆ ಚೆಲ್ಲಿದವನನ್ನು ಮಾಲೀಕ ಕ್ಷಮಿಸಲಿಲ್ಲ. ಆರ್ವಿಲ್ ಮನೆಗೆ ಹೋದ, ಕುರ್ಚಿ ಐಡೆಲ್ಲಾಳಿಗೆ ಬಂತು. ಅವಳು ಮೊದಲ ಬಾರಿ ಫೋನೆತ್ತಿದಾಗ ಅತ್ತಲಿದ್ದವನು ಹಾಲ್ವರ್ಸನ್. "ನೀನು ಆರ್ವಿಲ್ ಹತ್ರ ಕಲಿತವಳಲ್ವಾ?" ಎಂದು ಕೇಳಿ, ತಾನು ಕಳಿಸಲಿದ್ದ ಆಟಗಾರನ ಮೊಣಕಾಲಿನ ನೋವನ್ನು ತಾನಾಗಿಯೇ ಹೇಳಿದ.

ಆರ್ವಿಲನಂಥವರು ಗೆದ್ದವರ ಪಟ್ಟಿಯಲ್ಲಿ ಕಾಣಸಿಗುವುದಿಲ್ಲ. ತಮ್ಮ ಕಾಲದಲ್ಲಿ ಅವರನ್ನು ಮೊದ್ದರೆಂದು ನಕ್ಕವರೇ ಹೆಚ್ಚು. ಆದರೂ ಒಬ್ಬರನ್ನೊಬ್ಬರು ಎಂದೂ ಕಾಣದ ಮನುಷ್ಯರು, ಬರಿಯ ದನಿಯೊಂದನ್ನು ನಂಬಿ, ಮತ್ತೊಬ್ಬ ಮನುಷ್ಯನ ಬಾಳನ್ನು ಕೈಯಿಂದ ಕೈಗೆ ದಾಟಿಸಬಲ್ಲರೆಂದರೆ, ಎಲ್ಲಿಯೋ ಇಂಥವನೊಬ್ಬ ನಷ್ಟವನ್ನು ತನ್ನ ಮೇಲೆ ಎಳೆದುಕೊಂಡು ನಿಜ ನುಡಿದಿರುತ್ತಾನೆ.