ಕಳೆ ಕಿತ್ತ ಹೊಲ

ಮಾರಿಕುಪ್ಪಂನಿಂದ ಬರುವ ರೈಲು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಭಾರ್ಗವಿ ಮೊಬೈಲಿನ ಚಾರ್ಜು ಮತ್ತೆ ಮತ್ತೆ ನೋಡಿಕೊಂಡಿದ್ದಳು. ಚೀಲದಲ್ಲಿ ಕಾಲೇಜಿನಿಂದ ತಂದ ಮೂರುಕಾಲಿನ ಸಣ್ಣ ಸ್ಟ್ಯಾಂಡು, ಸೆರಗಿಗೆ ಸಿಕ್ಕಿಸುವ ಪುಟ್ಟ ಮೈಕು, ಅವುಗಳ ಮೇಲೆ ಅಮ್ಮ ಅಂಜನಮ್ಮ ತುರುಕಿದ ಚಿತ್ರಾನ್ನದ ಡಬ್ಬಿ. ಭಾನುವಾರವೂ ಕಾಲೇಜಾ ಎಂದು ಅಮ್ಮ ಗೊಣಗಿದ್ದರು. ಕಾಲೇಜಿಗಲ್ಲ, ರಾಗಿ ಹೊಲಕ್ಕೆ ಎಂದಾಗ ಅಪ್ಪ ಹನುಮಂತರಾಯಪ್ಪ ಪೇಪರು ಮಡಚಿಟ್ಟು ನಕ್ಕಿದ್ದರು. ತುಮಕೂರು ಕಡೆಯ ಹೊಲ ಬಿಟ್ಟು ಕೆ.ಜಿ.ಎಫ್.ನ ಕಾರ್ಖಾನೆಗೆ ಬಂದು, ಅಲ್ಲೇ ದುಡಿದು ನಿವೃತ್ತರಾದವರು ಅವರು. ತಾವು ತಪ್ಪಿಸಿಕೊಂಡು ಬಂದ ಕೆಲಸಕ್ಕೆ ಮಗಳು ಚೀಲ ಹೊತ್ತುಕೊಂಡು ಹೊರಟಿದ್ದು ಅವರಿಗೆ ತಮಾಷೆಯಾಗಿ ಕಂಡಿತ್ತು.

ಭಾರ್ಗವಿ ಬಂಗಾರಪೇಟೆಯ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯ ಅಧ್ಯಾಪಕರಿಗಾಗಿ ಕಾರ್ಯಾಗಾರವೊಂದನ್ನು ನಡೆಸುತ್ತದೆ. ಕಂಪ್ಯೂಟರು, ಮೊಬೈಲುಗಳಲ್ಲಿ ಪಾಠ ಮಾಡುವುದು ಹೇಗೆ, ತಾವೇ ವಿಡಿಯೋ ಪಾಠ ತಯಾರಿಸುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಾರೆ. ಬಂದವರೆಲ್ಲ ತಮ್ಮದೊಂದು ಪಾಠ ತೋರಿಸಬೇಕು. ಚೆನ್ನಾಗಿದ್ದರೆ ಅದು ವಿಶ್ವವಿದ್ಯಾಲಯದ ಪಾಠಕೋಶಕ್ಕೆ ಸೇರುತ್ತದೆ. ಆಮೇಲೆ ಯಾವ ಕಾಲೇಜಿನ ಹುಡುಗರು ಬೇಕಾದರೂ ತಮ್ಮ ಮೊಬೈಲಿನಲ್ಲಿ ತೆರೆದು ನೋಡಬಹುದು.

ಹೋದ ವರ್ಷ ಭಾರ್ಗವಿ ಹೊಲದ ಕಳೆಗಳ ಮೇಲೆ ಪಾಠ ಮಾಡಿದ್ದಳು. ಚಿತ್ರಗಳೆಲ್ಲ ಇಂಟರ್ನೆಟ್ಟಿನವು, ಯಾವುದೋ ಚಳಿದೇಶದ ಗೋಧಿ ಹೊಲದವು. ಹಿಂದೆ ಕೊಳಲಿನ ಸಂಗೀತ ಬೇರೆ. ಸಭೆ ಚಪ್ಪಾಳೆ ತಟ್ಟಿತು, ಆದರೆ ಚಿತ್ರಗಳು ಸ್ವಂತದವಲ್ಲವೆಂದು ಪಾಠಕೋಶ ತೆಗೆದುಕೊಳ್ಳಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳ ಮನಸ್ಸಿನಲ್ಲಿ ಉಳಿದದ್ದು, ಅದೇ ಪಾಠವನ್ನು ಕ್ಲಾಸಿನಲ್ಲಿ ತೋರಿಸಿದಾಗ ಕೊನೆಯ ಬೆಂಚಿನ ಆಶಾರಾಣಿ ಕೇಳಿದ್ದು. ಇದು ಯಾವ ಊರಿನ ಕಳೆ ಮೇಡಂ, ನಮ್ಮ ಹೊಲದಲ್ಲಿ ಇದರಲ್ಲಿ ಒಂದೂ ಹುಟ್ಟಲ್ವಲ್ಲ ಎಂದಿದ್ದಳು ಅವಳು. ಹುಡುಗಿಯರೆಲ್ಲ ನಕ್ಕಿದ್ದರು, ಭಾರ್ಗವಿಯೂ ನಕ್ಕಿದ್ದಳು. ಆದರೆ ರೈಲಿನಲ್ಲಿ ಮನೆಗೆ ಹೋಗುವಾಗ ಕಿಟಕಿಯಾಚೆ ರಾಗಿ ಹೊಲಗಳನ್ನು ನೋಡುತ್ತ, ಮುಂದಿನ ಸಲ ಈ ಮಣ್ಣಿನ ಪಾಠವೇ ಕೋಶಕ್ಕೆ ಸೇರಬೇಕೆಂದು ಅಂದುಕೊಂಡಿದ್ದಳು. ಇಲ್ಲಿನ ಮಕ್ಕಳು ಮೊಬೈಲು ತೆರೆದರೆ ತಾವು ದಿನಾ ತುಳಿದುಕೊಂಡು ಓಡಾಡುವ ಗಿಡ ಕಾಣಬೇಕು.

ಈ ಸಲ ಕಾರ್ಯಾಗಾರ ಅವರ ಕಾಲೇಜಿನಲ್ಲೇ, ಸೋಮವಾರ. ಮಳೆ ಚೆನ್ನಾಗಿ ಬಿದ್ದು ಪೈರಿನ ಜೊತೆ ಕಳೆಯೂ ಸೊಂಪಾಗಿ ಎದ್ದಿತ್ತು. ಆಶಾರಾಣಿಯ ಮನೆಯವರ ಹೊಲದಲ್ಲಿ, ಸಾಲುಗಳ ನಡುವೆ ಬೇರು ಬಿಟ್ಟು ನಿಂತ ಕಳೆಗಳನ್ನು ಹಾಗೇ ಚಿತ್ರೀಕರಿಸಬೇಕೆಂದು ಭಾರ್ಗವಿ ಅವಳೊಂದಿಗೆ ಮಾತಾಡಿಕೊಂಡಿದ್ದಳು.

ಕಾಮಸಮುದ್ರದ ರಸ್ತೆಯಲ್ಲಿ ಬಸ್ಸಿಳಿದಾಗ ಆಶಾರಾಣಿ ಕಾಯುತ್ತಿದ್ದಳು. ಇಬ್ಬರೂ ಕೆರೆ ಏರಿಯ ಮೇಲೆ ನಡೆದು ಹೊಲದ ಬದು ಹತ್ತಿದರು. ಹತ್ತಿದವರು ಅಲ್ಲೇ ನಿಂತರು.

ಹೊಲ ಗುಡಿಸಿ ಒರೆಸಿದಂತಿತ್ತು. ರಾಗಿಯ ಸಾಲುಗಳು ಬಾಚಿ ಬೈತಲೆ ತೆಗೆದ ಹಾಗೆ ಉದ್ದಕ್ಕೂ ಓಡಿದ್ದವು. ನಡುವೆ ಬರೀ ಕೆಂಪು ಮಣ್ಣು. ಒಂದು ಗರಿಕೆ ಎಳೆಯೂ ಇರಲಿಲ್ಲ. ಬದುವಿನ ಮೇಲೆ ಆಶಾರಾಣಿಯ ಅಪ್ಪ ಕೋದಂಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೇಷನ್ ಕಾರ್ಡಿನ ಫೋಟೋಕ್ಕೆ ನಿಂತವರಂತೆ ಕೈ ಇಳಿಬಿಟ್ಟು ನಿಂತಿದ್ದರು. ಪಕ್ಕದಲ್ಲಿ ತಾಯಿ ಕನಕಮ್ಮ ಹಳದಿ ರೇಷ್ಮೆ ಸೀರೆಯಲ್ಲಿ.

ಆದದ್ದೇನೆಂದು ಆಶಾರಾಣಿಗೆ ಈಗ ಹೊಳೆಯಿತು. ಶನಿವಾರ ಅವಳು ಕಾಲೇಜಿನಲ್ಲಿದ್ದಾಗ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಕನಕಮ್ಮ ಇಡೀ ಹೊಲದ ಕಳೆ ಕೀಳಿಸಿದ್ದರು. ಸಂಜೆ ಮನೆಗೆ ಬಂದ ಮಗಳು ಹೊಲದ ಕಡೆ ಹೋಗಿರಲಿಲ್ಲ.

"ಮೇಡಂಗೆ ಕಳೆ ಬೇಕು ಅಂತ ಬಾಯಿಬಿಟ್ಟು ಏಳಿದ್ನಲ್ಲಮ್ಮ," ಎಂದಳು ಆಶಾರಾಣಿ.

"ಏಳ್ದೆ. ಅವರು ದೊಡ್ ಮನ್ಸಿಂದ ಅಂಗಂದ್ರು ಅಂತ ನಾವು ಅಂಗೇ ಬಿಟ್ಬಿಡಾಕಾಯ್ತದಾ?" ಎಂದರು ಕನಕಮ್ಮ. "ಎಲ್ಲಾ ಕಾಲೇಜ್ನೋರೂ ನೋಡೋ ಒಲ. ಕಳೆ ಕಂಡ್ರೆ ಈ ಮನೇಲಿ ಎಂಗಸ್ರು ಇಲ್ವಾ ಅಂತಾರೆ."

ಬೇರೆ ಹೊಲ ಹುಡುಕೋಣವೆಂದು ಭಾರ್ಗವಿ ಕೇಳಿದರೆ ಕನಕಮ್ಮ ಅದೂ ಆಗದೆಂದರು. ಮೇಡಂ ಬರುವ ಸುದ್ದಿ ಕೇಳಿ ದಾರಿಯ ಎರಡೂ ಕಡೆಯವರು ತಮ್ಮ ತಮ್ಮ ಹೊಲಗಳನ್ನೂ ಚೊಕ್ಕ ಮಾಡಿಕೊಂಡಿದ್ದರಂತೆ. ಮೇಡಂ ಬಸ್ಸಿನಿಂದ ಇಳಿದು ಯಾವ ಕಡೆ ಮೊಬೈಲು ಎತ್ತುತ್ತಾರೋ ಯಾರಿಗೆ ಗೊತ್ತು? ಭಾರ್ಗವಿಗೆ ಅಳುವ ಬದಲು ನಗು ಬಂತು. ಇನ್ನೇನು ಮಾಡುವುದು ಎಂದು ಚೀಲ ಇಳಿಸಿ, ಕಿತ್ತಿದ್ದನ್ನೆಲ್ಲ ಎಲ್ಲಿ ಹಾಕಿದಿರಿ ಎಂದು ಕೇಳಿದಳು.

ಹೊಲದ ಮೂಲೆಯ ಹೊಂಗೆಮರದ ಕೆಳಗೆ ಅದು ರಾಶಿಯಾಗಿ ಬಿದ್ದಿತ್ತು. ಪಕ್ಕದ ಮನೆಯ ಮುತ್ಯಾಲಮ್ಮ ಅದರ ಮುಂದೆ ಕಾಲು ಚಾಚಿ ಕೂತು ಆರಿಸುತ್ತಿದ್ದರು. ಸಾರಿಗೆ ಬರುವ ಸೊಪ್ಪು ಮಡಿಲಿಗೆ, ಹಸು ತಿನ್ನುವುದು ಎಡಕ್ಕೆ, ಯಾತಕ್ಕೂ ಬಾರದ್ದು ಬಲಕ್ಕೆ. ಬೆಳಗಿನ ಮಂಜಿಗೆ ಗಿಡಗಳು ಇನ್ನೂ ಬಾಡಿರಲಿಲ್ಲ. ಬೇರು ಸಮೇತ ಬಂದಿದ್ದವು, ಮಣ್ಣೂ ಹಾಗೇ ಅಂಟಿತ್ತು.

ಭಾರ್ಗವಿ ಕುಕ್ಕರಗಾಲಲ್ಲಿ ಕೂತಳು. ಅಣ್ಣೆ ಸೊಪ್ಪು, ನೀಲಿ ಹೂವಿನ ಕನ್ನೆ ಸೊಪ್ಪು, ತುಂಬೆ, ನೆಲನೆಲ್ಲಿ, ಕೊನ್ನಾರಿ, ಪಾರ್ಥೇನಿಯಂ. ಹೊಲದಲ್ಲಿ ನಿಂತಿದ್ದರೆ ಬೇರು ತೋರಿಸಲು ತಾನೇ ಒಂದೊಂದನ್ನು ಕೀಳಬೇಕಿತ್ತು. ಇಲ್ಲಿ ಬೇರು, ಗಡ್ಡೆ, ಹೂವು ಎಲ್ಲವೂ ಕೈಗೆ ಸಿಗುವಂತಿದ್ದವು. ಅವಳ ಮುಖ ಅರಳಿದ್ದನ್ನು ಆಶಾರಾಣಿ ಗಮನಿಸಿ ಸ್ಟ್ಯಾಂಡು ಬಿಚ್ಚತೊಡಗಿದಳು.

ಆದರೆ ಕನಕಮ್ಮ ಅಡ್ಡ ಬಂದು ರಾಶಿಯ ಮುಂದೆ ನಿಂತುಬಿಟ್ಟರು. ಇಷ್ಟು ಕಳೆ ತಮ್ಮ ಹೊಲದಲ್ಲಿತ್ತೆಂದು ಊರಿಗೆಲ್ಲ ತೋರಿಸಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಭಾರ್ಗವಿ ಬಲವಂತ ಮಾಡಲಿಲ್ಲ. ಹೋದ ವರ್ಷದ ಗೋಧಿ ಹೊಲದ ಕಥೆ ಹೇಳಿದಳು, ನಿಮ್ಮ ಮಗಳ ಪ್ರಶ್ನೆಯಿಂದಲೇ ನಾನಿಲ್ಲಿಗೆ ಬಂದಿದ್ದೇನೆ ಎಂದಳು. ಕನಕಮ್ಮ ಮಗಳನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದರು. ಕ್ಲಾಸಿನಲ್ಲಿ ಎದ್ದು ಮಾತಾಡುವವಳು ಇವಳು ಎಂಬುದು ಅವರಿಗೆ ಹೊಸ ಸುದ್ದಿ.

"ಅಂಗಾದ್ರೆ ಒಂದ್ ಮಾತು," ಎಂದರು ಕೊನೆಗೆ. "ಮೊದ್ಲು ಒಲ ತೋರ್ಸಬೇಕು. ಈ ತುದಿಯಿಂದ ಆ ತುದಿಗಂಟ. ಆಮ್ಯಾಕೆ ಇದನ್ನ ಏನಾದ್ರೂ ಮಾಡ್ಕಳಿ."

"ಮೊದಲು ಹೊಲವೇ ಬರುತ್ತೆ ಅಮ್ಮ. ನನ್ನ ಮಾತು," ಎಂದಳು ಭಾರ್ಗವಿ.

ಈ ತುದಿಯಿಂದ ಆ ತುದಿಯವರೆಗೆ ಮೊಬೈಲು ನಿಧಾನವಾಗಿ ತಿರುಗಿತು. ಕೋದಂಡಪ್ಪ ಉಸಿರು ಬಿಗಿಹಿಡಿದು ನಿಂತರು. ಆಮೇಲೆ ಎಲ್ಲರೂ ಹೊಂಗೆಮರದಡಿ ಕೂತರು. ಮುತ್ಯಾಲಮ್ಮನ ಕೈಗಳು ಆರಿಸುತ್ತ ಹೋದಂತೆ ಭಾರ್ಗವಿ ಒಂದೊಂದೇ ಗಿಡವನ್ನು ಬಿಳಿ ಬಟ್ಟೆಯ ಮೇಲಿಟ್ಟು ಎಲೆ, ಬೇರು, ಬೀಜ ಹರಡುವ ಬಗೆ ವಿವರಿಸಿದಳು. ಅಣ್ಣೆ ಸೊಪ್ಪು ಬಂದಾಗ ಮುತ್ಯಾಲಮ್ಮ, ನಮ್ಮ ತವರಲ್ಲಿ ಗುರುಗು ಅಂತೀವಿ, ತೆಲುಗು ಹೆಸರನ್ನೂ ಸೇರಿಸಿ ಎಂದರು. ಅದೂ ಸೇರಿತು.

ಕಾಡುರಾಗಿಯ ಸರದಿ ಬಂತು. ಎಳೆಯದಾಗಿದ್ದಾಗ ಅದನ್ನೂ ಬೆಳೆಯ ರಾಗಿಯನ್ನೂ ಬೇರ್ಪಡಿಸುವುದು ಕಷ್ಟವೆಂದು ಹೇಳುತ್ತ ಭಾರ್ಗವಿ ರಾಶಿಯಿಂದ ಕೆಲವು ಬುಡ ಎತ್ತಿಕೊಂಡಳು. ಚಪ್ಪಟೆಯಾಗಿ, ಬಿಳಿಚಿಕೊಂಡ ಬುಡ, ನೆಲಕ್ಕೆ ಮಲಗಿದ ಎಲೆ. ಆಮೇಲೆ ಇನ್ನೊಂದು ಬುಡ ಎತ್ತಿದವಳು ಮಾತು ನಿಲ್ಲಿಸಿದಳು. ಅದು ರಾಗಿಯೇ. ಅದರ ಕೆಳಗೆ ಇನ್ನೂ ಒಂದು ಹಿಡಿಯಷ್ಟಿತ್ತು.

ಪೈರನ್ನೇ ಕಳೆಯೆಂದು ಕಿತ್ತವರು ಯಾರೆಂದು ಯಾರೂ ಕೇಳಲಿಲ್ಲ. ಶನಿವಾರ ಹೆಂಗಸರ ಜೊತೆ ತಾವೂ ಕೀಳಲು ಕೂತಿದ್ದ ಕೋದಂಡಪ್ಪನವರ ಕಡೆ ಎಲ್ಲರೂ ನೋಡಿದರು.

"ಎಂಗಸ್ರ ಕೆಲ್ಸ, ನೀವು ಬರಬ್ಯಾಡಿ ಅಂದೆ," ಎಂದರು ಕನಕಮ್ಮ. "ಮಾತಾಡ್ಕಂಡು ಕಿತ್ರೆ ಇಂಗೇ. ನಾಳೆ ನನ್ನೂ ಕಿತ್ತು ಬದೂನಾಗೆ ಆಕ್ತೀರ."

"ನಿನ್ನ ಬೇರು ಅಷ್ಟು ಸುಲಭಕ್ಕೆ ಬರಾಕಿಲ್ಲ ಬಿಡು," ಎಂದರು ಕೋದಂಡಪ್ಪ.

ಮುತ್ಯಾಲಮ್ಮ ಸೆರಗು ಬಾಯಿಗಿಟ್ಟುಕೊಂಡರು. ಮೈಕಿನಲ್ಲಿ ಆ ನಗು ಪೂರ್ತಿ ದಾಖಲಾಯಿತು. ಭಾರ್ಗವಿ ಕಾಡುರಾಗಿ, ರಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಪಾಠ ಮುಂದುವರಿಸಿದಳು. ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗುತ್ತಿರಲಿಲ್ಲ. ಮಧ್ಯಾಹ್ನ ಕನಕಮ್ಮನ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು, ಮುದ್ದೆ. ಅಂಜನಮ್ಮನ ಚಿತ್ರಾನ್ನದ ಡಬ್ಬಿ ಮುತ್ಯಾಲಮ್ಮನ ಪಾಲಾಯಿತು.

ಸೋಮವಾರ ಕಾಲೇಜಿನ ಸಭಾಂಗಣದಲ್ಲಿ ಕಾರ್ಯಾಗಾರ. ವಿಶ್ವವಿದ್ಯಾಲಯದಿಂದ ಬಂದ ಶಶಿರೇಖ ಹಸನ್ಮುಖಿ, ಆದರೆ ಮಾತಿನಲ್ಲಿ ಖಡಾಖಂಡಿತ. ಹುಡುಗರು ಮೊದಲ ಕ್ಷಣದಲ್ಲೇ ಪಾಠ ಮುಚ್ಚಿ ಬೇರೆ ಏನೋ ನೋಡುತ್ತಾರೆ, ಅದಕ್ಕೆ ಬಾಯಿಬಿಟ್ಟ ಕೂಡಲೇ ವಿಷಯಕ್ಕೆ ಬನ್ನಿ ಎಂದು ಬೆಳಗಿನಿಂದ ಹೇಳುತ್ತಲೇ ಇದ್ದರು. ಕೋಲಾರದಿಂದ ಬಂದ ಒಬ್ಬ ಮೇಷ್ಟ್ರ ಪಾಠದಲ್ಲಿ ಧ್ವನಿಯೇ ಬರಲಿಲ್ಲ, ಅವರು ಪರದೆಯ ಪಕ್ಕ ನಿಂತು ತಮ್ಮದೇ ಬಾಯಾಡುವುದಕ್ಕೆ ತಾವೇ ಮಾತು ಕೊಟ್ಟರು.

ಭಾರ್ಗವಿಯ ಪಾಠ ಶುರುವಾದಾಗ ಪರದೆಯ ತುಂಬ ಹೊಲ ಬಂತು. ಮಾತಿಲ್ಲ, ಬರೀ ಹೊಲ, ಕೋದಂಡಪ್ಪನ ಅಂಗಿ, ಕನಕಮ್ಮನ ಹಳದಿ ಸೀರೆ. ಯಾರೋ ಕೆಮ್ಮಿದರು. ಆಮೇಲೆ ಹೊಂಗೆಮರದಡಿಯ ರಾಶಿ ಬಂದಾಗ ಸಭೆ ಮುಂದಕ್ಕೆ ಬಾಗಿತು. ಕನಕಮ್ಮ, ಕೋದಂಡಪ್ಪನವರ ಮಾತಿಗೆ ಹಿಂದಿನ ಸಾಲಿನವರೂ ನಕ್ಕರು.

ಪಾಠ ತುಂಬಾ ಚೆನ್ನಾಗಿದೆ ಎಂದು ಶಶಿರೇಖ ಎಲ್ಲರ ಮುಂದೆಯೇ ಹೇಳಿದರು. ವಿಷಯಕ್ಕೆ ಬಾರದ ಶುರುವಿನ ಹೊಲವನ್ನು ಮಾತ್ರ ಕತ್ತರಿಸಿಬಿಡಿ, ಸಂಜೆಯೊಳಗೆ ಪಾಠಕೋಶಕ್ಕೆ ಏರಿಸುತ್ತೇನೆ ಎಂದರು.

ಕತ್ತರಿಸುವುದು ಒಂದು ಬೆರಳಿನ ಕೆಲಸ. ವರ್ಷದಿಂದ ಬಯಸಿದ್ದು ಆ ಬೆರಳಿನ ಆಚೆ ಇತ್ತು. ಭಾರ್ಗವಿ ಮೊಬೈಲನ್ನು ಮೇಜಿನ ಮೇಲಿಟ್ಟಳು.

"ಅದನ್ನ ತೆಗೆಯೋಕಾಗಲ್ಲ ಮೇಡಂ. ಮಾತು ಕೊಟ್ಟಿದ್ದೀನಿ," ಎಂದಳು.

"ಯಾರಿಗೆ?"

"ಹೊಲದವರಿಗೆ."

ಶಶಿರೇಖ ಕನ್ನಡಕ ತೆಗೆದು ಒರೆಸಿದರು. ಒಬ್ಬರಿಗೆ ನಿಯಮ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ಹಾಗಿದ್ದರೆ ಈ ಪಾಠ ಕೋಶಕ್ಕೆ ಹೋಗಲಾರದು ಎಂದು ಮೃದುವಾಗಿಯೇ ತಿಳಿಸಿದರು. ಊಟದ ಹೊತ್ತು ಮುಗಿಯುವವರೆಗೆ ಸಮಯ ಕೊಡಿ ಎಂದು ಭಾರ್ಗವಿ ಕೇಳಿಕೊಂಡಳು.

ಎಲ್ಲರೂ ಪುಳಿಯೋಗರೆಯ ಸಾಲಿಗೆ ಹೋದಾಗ ಅವಳು ಸಸ್ಯಶಾಸ್ತ್ರದ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊಲದ ದೃಶ್ಯವನ್ನು ಮತ್ತೆ ಮತ್ತೆ ನೋಡಿದಳು. ವಿಷಯಕ್ಕೆ ಬರಬೇಕು, ಹೊಲವೂ ಇರಬೇಕು. ನಿನ್ನೆ ಬದುವಿನ ಮೇಲೆ ನಿಂತಾಗ ತನ್ನ ತಲೆಗೆ ಬಂದ ಮೊದಲ ಪ್ರಶ್ನೆ ನೆನಪಾಯಿತು. ಕಳೆ ಎಲ್ಲಿ ಹೋಯಿತು? ಮೈಕು ಸಿಕ್ಕಿಸಿಕೊಂಡು, ಒಂದು ಚೂರೂ ಕತ್ತರಿಸದೆ, ಆ ಮೌನದ ಮೇಲೆ ತನ್ನ ಧ್ವನಿ ಹಾಕಿದಳು.

ಊಟದ ನಂತರ ಪರದೆಯ ಮೇಲೆ ಮತ್ತೆ ಹೊಲ ಬಂತು. "ಇದು ಕಳೆ ಕಿತ್ತ ಹೊಲ. ಮೊನ್ನೆಯವರೆಗೆ ಈ ಸಾಲುಗಳ ನಡುವೆ ಬಗೆಬಗೆಯ ಗಿಡಗಳಿದ್ದವು. ಇಷ್ಟು ಚೊಕ್ಕವಾಗಿ ಕಿತ್ತವರು ಅವನ್ನೆಲ್ಲ ಎಲ್ಲಿ ಹಾಕಿದರು? ಅವುಗಳಲ್ಲಿ ಯಾವುದು ಅಡುಗೆಮನೆಗೆ ಹೋಯಿತು, ಯಾವುದು ಹಸುವಿಗೆ? ಬನ್ನಿ ನೋಡೋಣ." ಧ್ವನಿ ನಿಂತಾಗ ಮೊಬೈಲು ಸರಿಯಾಗಿ ಆ ತುದಿ ಮುಟ್ಟಿ ಹೊಂಗೆಮರದ ಕಡೆ ತಿರುಗಿತ್ತು.

ಶಶಿರೇಖ ತಮ್ಮ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು, ಪಾಠದ ಹೆಸರು ಏನೆಂದು ಬರೆಯಲಿ ಎಂದು ಕೇಳಿದರು. ಆಮೇಲೆ, ಆ ರೇಷ್ಮೆ ಸೀರೆಯವರು ಯಾರು ಎಂದರು.

ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಿದ್ದಾಗ ಆಶಾರಾಣಿಯ ಫೋನು ಬಂತು. ಪಾಠ ಕೋಶದಲ್ಲಿ ಕಾಣುತ್ತಿದೆಯಂತೆ. ಅಮ್ಮ ಆಗಲೇ ಹಲವು ಸಲ ನೋಡಿದ್ದಾಳಂತೆ, ಆದರೆ ಹೊಲ ಮುಗಿದು ಕಳೆ ಶುರುವಾದ ಕೂಡಲೇ ಸಾಕು ಎಂದು ಮೊಬೈಲು ವಾಪಸು ಕೊಡುತ್ತಾಳಂತೆ. ಮುತ್ಯಾಲಮ್ಮ ಮಾತ್ರ ತಮ್ಮ ಕೈ ಬರುವಲ್ಲಿಂದಲೇ ಹಾಕು ಎನ್ನುತ್ತಾರಂತೆ. ಹೇಳುತ್ತಿದ್ದಂತೆ ಫೋನು ಕನಕಮ್ಮನ ಕೈಗೆ ಹೋಯಿತು.

"ಒಲ ಚೆಂದಾಗಿ ಬಂದೈತೆ ಮೇಡಮ್ಮ," ಎಂದರು ಅವರು. ಹಾಗೇ, "ಇನ್ನೊಂದ್ ಸಲ ಕಳೇನೇ ಬೇಕಂದ್ರೆ ಮುಂಚೇನೇ ಏಳಿ. ಮುತ್ಯಾಲಮ್ಮನ ಒಲ್ದಾಗೆ ಕೀಳ್ದಂಗೆ ಬಿಡಿಸಿರ್ತೀನಿ."

ಹಿಂದಿನಿಂದ ಮುತ್ಯಾಲಮ್ಮ ತೆಲುಗಿನಲ್ಲಿ ಏನೋ ಉತ್ತರ ಕೊಟ್ಟದ್ದು ಕೇಳಿಸಿತು. ಕನಕಮ್ಮ ಅದಕ್ಕೆ ಮರುಮಾತು ಹೇಳಲು ಹೋಗಿ ಫೋನನ್ನು ಮರೆತರು. ಗಾಡಿ ಬಂದು ನಿಂತರೂ ಭಾರ್ಗವಿ ಅದನ್ನು ಕಿವಿಗೆ ಹಿಡಿದೇ ಹತ್ತಿದಳು, ಆ ಜಗಳ ಎಲ್ಲಿಗೆ ಮುಟ್ಟುತ್ತದೋ ಕೇಳಬೇಕಿತ್ತು.