ಮತ್ತೆ ಕತ್ತರಿ ಮೇಜಿಗೆ

ಮಗಳ ಕೈಗೆ ಕತ್ತರಿ ಕೊಡಬೇಡಿ ಎಂದು ಅಂಗಡಿ ಯಜಮಾನರಿಗೆ ಹೇಳಿದವಳು ನಾನೇ. ಹೆತ್ತ ತಾಯಿ.

ನಾವಿಬ್ಬರೂ ಒಂದೇ ಹೊಲಿಗೆ ಅಂಗಡಿಯಲ್ಲಿ. ನನ್ನದು ಇಸ್ತ್ರಿ. ಅವಳದು ಬಟ್ಟೆ ಕತ್ತರಿಸುವ ಕೆಲಸ. ಆಮೇಲೆ ಅವಳ ಮನಸ್ಸು ಕೆಟ್ಟಿತು. ಏಳು ತಿಂಗಳು ಮನೆ, ಅದರಲ್ಲಿ ಐದು ವಾರ ಆಸ್ಪತ್ರೆ. ನಮ್ಮ ಮನೆಯ ಚಾಕು, ಬ್ಲೇಡುಗಳೆಲ್ಲ ಇಂದಿಗೂ ನನ್ನ ಟ್ರಂಕಿನೊಳಗೆ. ಒಂದು ಈರುಳ್ಳಿ ಹೆಚ್ಚಬೇಕಾದರೂ ಬೀಗ ತೆಗೆಯಬೇಕು. "ಗುಣವಾಗಿದ್ದಾಳೆ, ಕೆಲಸಕ್ಕೆ ಕಳಿಸಿ" ಎಂದು ಡಾಕ್ಟರು ಹೇಳಿದರೂ ನನಗೆ ಧೈರ್ಯ ಬರಲಿಲ್ಲ. ಯಜಮಾನರ ಕಿವಿಯಲ್ಲಿ ಗುಟ್ಟಾಗಿ ಹೇಳಿಬಿಟ್ಟೆ. ಅವರು ಅವಳನ್ನು ಮೂಲೆಯಲ್ಲಿ ಗುಂಡಿ ಹಚ್ಚಲು ಕೂರಿಸಿದರು.

"ಸೂಜಿನಾದ್ರೂ ಕೊಟ್ಟಿದ್ದಾರಲ್ಲ ಕಣೇ, ಪುಣ್ಯ" ಎಂದಳು ಕಾಲರು ಹೊಲಿಯುವ ರೇಡಿಯೋ. ಬಾಯಿ ಮುಚ್ಚದವಳಿಗೆ ನಾವಿಟ್ಟ ಹೆಸರು ಅದು.

"ಎಣಿಸಿ ಕೊಟ್ಟಿದ್ದಾರೆ ಅಕ್ಕಾ, ನೀನು ಕದೀಬೇಡ" ಎಂದಳು ಮಗಳು. ನಕ್ಕಳು. ಆದರೆ ಕಣ್ಣು ಮಾತ್ರ ಕತ್ತರಿ ಮೇಜಿನ ಮೇಲೇ ಇತ್ತು.

ಹಾಡುವವರ ತಂಡವೊಂದಕ್ಕೆ ಹದಿನಾರು ವೆಲ್ವೆಟ್ ಕೋಟು ಹೊಲಿಯುವ ಕೆಲಸ ಬಂತು. ಯಜಮಾನರೇ ಮೇಜಿಗೆ ಬಗ್ಗಿದರು. ಬಟ್ಟೆ ಉಳಿಯಲಿ ಎಂದು, ಹತ್ತಿ ಬಟ್ಟೆಗೆ ಮಾಡುವ ಹಾಗೇ, ಒಂದು ಮಾದರಿ ಕಾಗದವನ್ನು ತಲೆ ಮೇಲಾಗಿ, ಪಕ್ಕದ್ದನ್ನು ತಲೆಕೆಳಗಾಗಿ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಕತ್ತರಿ ಬಾಯಿ ತೆರೆಯಿತು.

"ಯಜಮಾನ್ರೇ, ನಿಲ್ಸಿ!" ಮೂಲೆಯಿಂದ ಮಗಳು ಕೂಗಿದಳು.

ಮಿಷನ್ನುಗಳು ಒಂದೊಂದಾಗಿ ನಿಂತವು.

"ಯಾಕಮ್ಮಾ, ಹುಷಾರಿಲ್ವಾ?"

"ನಾನು ಹುಷಾರಾಗೇ ಇದ್ದೀನಿ. ನಿಮ್ಮ ಕೋಟಿಗೇ ರೋಗ ಬರೋದು." ಮೇಜಿನ ಹತ್ತಿರ ಬಂದು ಬಟ್ಟೆ ಸವರಿದಳು. "ವೆಲ್ವೆಟ್‌ಗೆ ರೋಮ ಇದೆ. ಹೀಗೆ ಸವರಿದ್ರೆ ಮಲಗುತ್ತೆ, ಹಾಗೆ ಸವರಿದ್ರೆ ಏಳುತ್ತೆ. ಎಲ್ಲಾ ತುಂಡೂ ಒಂದೇ ದಿಕ್ಕಿಗೆ ಇರ್ಬೇಕು."

ಬಟ್ಟೆಯ ಅಂಚು ನೇರ ಮಾಡಿದಾಗ ಕೆಳಗೆ ಬಿದ್ದಿದ್ದ ಎರಡು ಚೂರು ಎತ್ತಿ, ಒಂದನ್ನು ತಿರುಗಿಸಿ, ಕಿಟಕಿಗೆ ಹಿಡಿದಳು. ಒಂದು ದಟ್ಟ ಕೆಂಪು. ಇನ್ನೊಂದು ಹತ್ತು ಸಲ ಒಗೆದ ಹಾಗೆ ಮಂಕು.

"ಅಯ್ಯಯ್ಯೋ, ಅರ್ಧ ಹೊಸಾ ಕೋಟು, ಅರ್ಧ ಹಳೇದು!" ಎಂದಳು ರೇಡಿಯೋ.

ಯಜಮಾನರು ಕನ್ನಡಕ ಒರೆಸಿಕೊಂಡರು. ಕತ್ತರಿಯನ್ನು ಅವಳತ್ತ ಚಾಚಿದವರು ಅಲ್ಲೇ ತಡೆದು ನನ್ನ ಕಡೆ ನೋಡಿದರು. "ಬೇಡ ಅಂದೋರು ನೀವು. ಈಗೇನು ಹೇಳ್ತೀರಿ?"

ಮಗಳು ತಿರುಗಿದಳು. "ನೀನಾ ಅಮ್ಮಾ? ನಾನು ಇಷ್ಟು ದಿನ ಇವ್ರನ್ನ ಬೈಕೊಂಡೆನಲ್ಲೇ!"

ಎಲ್ಲರ ಮುಂದೆ ನನ್ನ ಮಾನ ಹರಾಜಾಯಿತು. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಸೀಯುತ್ತಿತ್ತು. ಪೆಟ್ಟಿಗೆ ಎತ್ತಿಟ್ಟೆ.

"ಹೆದರಿಕೆ ನಂದು. ಕೆಲಸ ಅವಳದು. ಕೊಡಿ."

ಅವಳು ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದಳು. ಆಮೇಲೆ ಬ್ರಷ್ಷಿನಿಂದ ಗೆರೆ ಅಳಿಸಿ, ಕಾಗದಗಳನ್ನೆಲ್ಲ ಒಂದೇ ದಿಕ್ಕಿಗೆ ಜೋಡಿಸಿ, ಹೊಸದಾಗಿ ಗೆರೆ ಎಳೆದು, ಕರಕರನೆ ಕತ್ತರಿಸತೊಡಗಿದಳು. ಕತ್ತರಿ ಗೆರೆಯಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಮೊದಲ ಕೋಟು ಮುಗಿಯುವವರೆಗೆ ನಾನು ಇಸ್ತ್ರಿ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದೆ, ಆಮೇಲೆ ನನ್ನ ಕೆಲಸಕ್ಕೆ ತಿರುಗಿದೆ. ಸಂಜೆಯೊಳಗೆ ಹದಿನಾರನ್ನೂ ಕತ್ತರಿಸಿ ಮುಗಿಸಿದಳು.

"ನಾಳೆ ಒಂಬತ್ತಕ್ಕೆ ಬಂದ್ಬಿಡಮ್ಮಾ. ಇದೇ ಮೇಜು" ಎಂದರು ಯಜಮಾನರು.

"ಒಂಬತ್ತಕ್ಕಾಗಲ್ಲ, ಹತ್ತಕ್ಕೆ" ಎಂದಳು, ಅಂಗಡಿಗೆಲ್ಲ ಕೇಳುವಂತೆ. "ಮನಸ್ಸಿನ ಕಾಯಿಲೆಗೆ ಮಾತ್ರೆ ತಗೋತೀನಲ್ಲ, ಬೆಳಿಗ್ಗೆ ಬೇಗ ಎಚ್ಚರ ಆಗಲ್ಲ."

ಯಜಮಾನರು ಬಟ್ಟೆ ಮಡಚುತ್ತಲೇ ತಲೆಯಾಡಿಸಿದರು.

"ಆಯ್ತು, ಹತ್ತಕ್ಕೇ ಬಾ."

"ಮತ್ತೆ ಈ ಕತ್ತರಿಗೆ ಸಾಣೆ ಹಿಡಿಸಿಡಿ ಯಜಮಾನ್ರೇ. ನಾನಿಲ್ದೇ ಇರೋವಾಗ ಪೂರ್ತಿ ಮೊಂಡು ಮಾಡಿಟ್ಟಿದ್ದೀರ."