ಅಂಚಿನ ಟೇಪು

ಹಳೇ ಕಾರು ಮಾರುವುದು ನನ್ನ ಕೆಲಸ, ಅದಕ್ಕೆ ಹೊಳಪು ಕೊಡುವುದು ನನ್ನ ಅಣ್ಣನದು. ಒಂದೇ ಯಾರ್ಡಿನಲ್ಲಿ ನಾನು ಮುಂದೆ, ಅವನು ಹಿಂದೆ. ಮುಂದೆ ಅಂದರೆ ಗಾಜಿನ ಬಾಗಿಲಿನ ಆಫೀಸು, ಎರಡು ಪ್ಲಾಸ್ಟಿಕ್ ಗಿಡ, ಬಂದವರಿಗೆ ತಣ್ಣನೆ ನೀರು. ಹಿಂದೆ ಅಂದರೆ ತಗಡಿನ ಶೆಡ್ಡು, ನೆಲದ ತುಂಬ ವೈರು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಉಣ್ಣೆಯ ಪ್ಯಾಡುಗಳು. ನನ್ನನ್ನು ಯಾರ್ಡಿನಲ್ಲಿ ಬೆಣ್ಣೆ ಅನ್ನುತ್ತಾರೆ, ಬಂದವರಿಗೆಲ್ಲ ಹಚ್ಚುತ್ತೇನೆ ಅಂತ. ನನಗೇನೂ ಬೇಜಾರಿಲ್ಲ. 'ಒಬ್ಬರೇ ಡಾಕ್ಟರಮ್ಮ ಓಡಿಸಿದ ಗಾಡಿ ಸರ್' ಎಂದು ನಾನು ಮಾರಿದ ಕಾರುಗಳಷ್ಟು ಡಾಕ್ಟರಮ್ಮಂದಿರು ಈ ಭೂಮಿಯ ಮೇಲಿಲ್ಲ. ಅಣ್ಣನಿಗೆ ಮಾತ್ರ ಅಡ್ಡಹೆಸರಿರಲಿಲ್ಲ. ತಗ್ಗಾದ ತಗಡು ಬಡಿದು ಸರಿಮಾಡುವ, ಎಲ್ಲರಿಗೂ ಹೆಸರಿಡುವ ಟಿಂಕರ್ ಕೂಡ ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದ.

ಪಾಲಿಷ್ ಅಂದರೆ ಏನನ್ನೋ ಹಚ್ಚುವುದು ಎಂದು ಜನ ತಿಳಿದಿದ್ದಾರೆ. ಅಲ್ಲ, ತೆಗೆಯುವುದು. ಗೀರು ಎಷ್ಟು ಆಳವಿದೆಯೋ ಅಷ್ಟಕ್ಕೆ ಸುತ್ತಲಿನ ಬಣ್ಣವನ್ನೇ ತೇಯ್ದು ಸಮ ಮಾಡುತ್ತಾರೆ. ತೇಯುವ ಮಷಿನ್ ತಿರುಗುತ್ತ ತಿರುಗುತ್ತ ಬಿಸಿ ಏರುತ್ತದೆ. ಬಾನೆಟ್ಟಿನ ನಡುವೆ ಬಣ್ಣ ಅದನ್ನು ತಡೆದುಕೊಳ್ಳುತ್ತದೆ. ಅಂಚಿನಲ್ಲಿ, ಬಾಗಿಲಿನ ಮಡಿಕೆಯಲ್ಲಿ ತಡೆಯುವುದಿಲ್ಲ, ಅಲ್ಲಿ ಬಣ್ಣವೇ ತೆಳು. ಕಣ್ಣು ಮಿಟುಕಿಸುವಷ್ಟು ಹೊತ್ತು ಹೆಚ್ಚಾದರೂ ಸುಟ್ಟು, ಕೆಳಗಿನ ಬೂದು ಪ್ರೈಮರ್ ಹಲ್ಲು ಕಿರಿಯುತ್ತದೆ. ಆಮೇಲೆ ಆ ಭಾಗಕ್ಕೆ ಹೊಸ ಪೇಂಟ್ ಹೊಡೆಯಬೇಕು. ಹೊಡೆದರೆ, ಕೊಳ್ಳಲು ಬಂದವನು ಆಕ್ಸಿಡೆಂಟ್ ಗಾಡಿ ಎಂದು ಎದ್ದು ಹೋಗುತ್ತಾನೆ.

ಅದಕ್ಕೇ ಎಲ್ಲ ಕಡೆ ಪಾಲಿಷ್‌ನವರು ಅಂಚಿಗೆಲ್ಲ ಕಾಗದದ ಟೇಪು ಅಂಟಿಸಿಕೊಂಡೇ ಮಷಿನ್ ಹಿಡಿಯುವುದು. ಅಣ್ಣ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅಂಟಿಸಲಿಲ್ಲ. ಒಂದೆರಡು ಸಲ ಮಷಿನ್ ಓಡಿಸಿ, ಬಣ್ಣದ ಮೇಲೆ ಬೆರಳಿಟ್ಟು ನೋಡಿ, ಮತ್ತೆ ಓಡಿಸುತ್ತಿದ್ದ. ಎಷ್ಟು ಬಿಸಿ ಎಂದು ಬೆರಳು ಹೇಳುತ್ತಿತ್ತು. ಬೇರೆ ಯಾರ್ಡಿನವರು ಬಂದು ನಿಂತು ನೋಡಿಕೊಂಡು ಹೋಗುತ್ತಿದ್ದರು. ನಮ್ಮ ಮಾಲೀಕರಿಗೆ ಅದು ಹೆಮ್ಮೆಯ ವಿಷಯ. ಹಾಗೆಂದು ಅವರು ಕರಗುವ ಮನುಷ್ಯರೇನಲ್ಲ. ಅಣ್ಣನಿಗಿಂತ ಮುಂಚೆ ಇದ್ದವನು ಒಂದೇ ಒಂದು ಅಂಚು ಸುಟ್ಟಿದ್ದಕ್ಕೆ, ಅವನ ಊಟದ ಡಬ್ಬಿ ಖಾಲಿಯಾಗುವ ಮೊದಲೇ ಗೇಟಿನ ಹೊರಗೆ ಕಳಿಸಿದ್ದರು.

ಅಣ್ಣನ ಬೆರಳುಗಳು ಸತ್ತಿವೆ ಎಂದು ನನಗೆ ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ.

ನಾವು ಒಂದೇ ಮನೆಯಲ್ಲಿದ್ದೇವೆ. ಕೆಳಗೆ ಅಮ್ಮ, ಅಣ್ಣ, ಅತ್ತಿಗೆ. ಮೇಲಿನ ಒಂದು ರೂಮಿನಲ್ಲಿ ನಾನು. ಅಮ್ಮನಿಗೆ ಮಂಡಿನೋವು. ಭಾನುವಾರ ಬಿಸಿನೀರಿಗೆ ಉಪ್ಪು ಹಾಕಿ ಅವಳ ಕಾಲು ನೆನೆಸಿ ಒತ್ತುವುದು ಅಣ್ಣನ ಪಾಲಿನ ಕೆಲಸ, ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ಅವತ್ತು ಟಬ್ಬಿನಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿ, ಕಲಕಿ, "ಹದವಾಗಿದೆ ಅಮ್ಮ, ಇಡು" ಅಂದ. ಅಮ್ಮ ಕಾಲಿಟ್ಟಳು. ಅವಳು ಚೀರಿದ್ದು ಮೇಲಿದ್ದ ನನಗೆ ಕೇಳಿ ಓಡಿ ಬಂದೆ.

"ಕುದಿಯೋ ನೀರು ಕಣ್ರೀ ಇದು! ನಿಮಗೇನು ಕೈ ಇಲ್ವಾ?" ಎಂದು ಅತ್ತಿಗೆ ಅಮ್ಮನ ಪಾದಕ್ಕೆ ತಣ್ಣೀರು ಸುರಿಯುತ್ತಿದ್ದರು.

"ಗೀಸರ್ ಕೆಟ್ಟಿದೆ" ಎಂದ ಅಣ್ಣ. "ಆಗ ಸರಿ ಇತ್ತು. ಗೀಸರ್ ಕೆಟ್ಟಿದೆ."

ಟಬ್ಬಿನೊಳಗೆ ಕುಳಿತ ನೀರಿಗೂ ಗೀಸರಿಗೂ ಏನು ಸಂಬಂಧ? ನಾನು ಅವನ ಕೈ ನೋಡಿದೆ. ಮಣಿಕಟ್ಟಿನವರೆಗೆ ಕೆಂಪಗೆ ಬೆಂದಿತ್ತು. ಅವನು ಅದನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ, ಬರೀ ಒದ್ದೆಯಾದ ಕೈಯನ್ನು ಒರೆಸುವ ಹಾಗೆ. ಇಪ್ಪತ್ತೆರಡು ವರ್ಷ ನಡುಗುವ ಮಷಿನ್ ಹಿಡಿದ ಕೈ. ಚಳಿಯ ಬೆಳಿಗ್ಗೆ ಅವನ ಬೆರಳು ಬಿಳಿಚಿಕೊಳ್ಳುವುದನ್ನು, ಅವನು ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ನಿಲ್ಲುವುದನ್ನು ನಾನು ನೋಡಿದ್ದೆ. ನೋಡಿ, ಚಳಿ ಅಂದುಕೊಂಡಿದ್ದೆ.

ಆಗಲೇ ಕೇಳಬೇಕಿತ್ತು. 'ಅಣ್ಣ, ನಿನ್ನ ಕೈಗೆ ಏನಾಗಿದೆ?' ನಾಲ್ಕು ಪದ. ದಿನಕ್ಕೆ ನಾಲ್ಕು ಸಾವಿರ ಪದ ಹೊರಡುವ ನನ್ನ ಬಾಯಿಂದ ಆ ನಾಲ್ಕು ಹೊರಡಲಿಲ್ಲ. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ, ಅವನಿಗೆ ಹತ್ತೊಂಬತ್ತು. ನನ್ನ ಶಾಲೆ, ನನ್ನ ಚಪ್ಪಲಿ, ನನ್ನ ಮೊದಲ ಕೆಲಸ, ಎಲ್ಲ ಅವನ ಕೈಯಿಂದ ಬಂದದ್ದು. ಅಂಥವನ ಎದುರು ನಿಂತು ನಿನ್ನ ಕೈ ಹೋಗಿದೆ ಅನ್ನುವುದು ಹೇಗೆ? ಯೋಚಿಸಿ ಯೋಚಿಸಿ, ಮಾತಿಲ್ಲದೆ ಅವನನ್ನು ಉಳಿಸುವ ಉಪಾಯವೊಂದನ್ನು ಹುಡುಕಿದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮಂಗಳವಾರ ಒಂದು ಕರಿ ಕಾರು ಹೋಗಬೇಕಿತ್ತು. ಕೊಳ್ಳುವವರು ಹಲ್ಲಿನ ಡಾಕ್ಟರು. ಬಾಯಿಯೊಳಗೆ ಟಾರ್ಚು ಬಿಟ್ಟು ಹುಳುಕು ಹುಡುಕಿ ಅಭ್ಯಾಸವಾದವರು, ಕಾರನ್ನೂ ಹಾಗೇ ನೋಡುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೇನೆ ಅಂದಿದ್ದರು. ಕರಿ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ, ಸುಟ್ಟರಂತೂ ಮುಗಿಯಿತು. ನಾನು ಬೆಳಿಗ್ಗೆ ಏಳಕ್ಕೇ ಯಾರ್ಡಿಗೆ ಹೋಗಿ, ಹೊಸ ಟೇಪಿನ ಸುರುಳಿ ಬಿಚ್ಚಿ, ಬಾನೆಟ್ಟಿನ ಅಂಚು, ನಾಲ್ಕೂ ಬಾಗಿಲಿನ ಮಡಿಕೆ, ಡಿಕ್ಕಿಯ ತುದಿ ಎಲ್ಲದಕ್ಕೂ ಅಂಟಿಸಿದೆ. ಮಾಡುವುದೇ ಆದರೆ ಚೆನ್ನಾಗಿ ಮಾಡಬೇಕೆಂದು ಒಂದು ತುದಿಯೂ ಮೇಲೇಳದ ಹಾಗೆ ಉಗುರಿನಿಂದ ತೀಡಿ ತೀಡಿ ಕೂರಿಸಿದೆ. ಅಣ್ಣ ಕೇಳಿದರೆ, ಕರಿ ಗಾಡಿಗೆಲ್ಲ ಇನ್ಮೇಲೆ ಟೇಪು ಅಂತ ಮಾಲೀಕರು ಹೇಳಿದ್ದಾರೆ ಎಂದು ಒಂದು ಸುಳ್ಳು ತಯಾರಿಟ್ಟುಕೊಂಡಿದ್ದೆ.

ಒಂಬತ್ತಕ್ಕೆ ಅಣ್ಣ ಬಂದ. ಅವನ ಹಿಂದೆಯೇ ಟಿಂಕರ್. ನನ್ನ ಗ್ರಹಚಾರಕ್ಕೆ ಮಾಲೀಕರೂ ಅವತ್ತು ಬೇಗ ಬಂದು, ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಶೆಡ್ಡಿಗೇ ಬಂದರು.

"ಇದ್ಯಾರಪ್ಪ ಗಾಡಿಗೆ ಬ್ಯಾಂಡೇಜು ಕಟ್ಟಿರೋದು? ಎಲ್ಲಿ ಬಿದ್ದು ಬಂತು?" ಎಂದ ಟಿಂಕರ್.

"ಅದು... ಕರಿ ಗಾಡಿ ಅಲ್ವಾ, ಅದಕ್ಕೆ..." ಎಂದೆ. ಮಾಲೀಕರ ಹೆಸರು ಹೇಳಿ ಸುಳ್ಳು ಹೇಳೋಣ ಎಂದರೆ ಅವರೇ ಎದುರಿಗೆ ನಿಂತಿದ್ದಾರೆ.

ಅಣ್ಣ ನನ್ನನ್ನು ಒಂದು ಸಲ ನೋಡಿದ. ಅಷ್ಟರಲ್ಲಿ ಅವನಿಗೆ ಎಲ್ಲ ಗೊತ್ತಾಯಿತು. ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಯಿತು. "ಯಾರು ಹೇಳಿದ್ದು ನಿನಗೆ ಇದನ್ನೆಲ್ಲ ಮಾಡೋಕೆ?" ಎಂದು ಗೊಣಗುತ್ತ, ಕಿತ್ತು ಹಾಕಲು ಬಾನೆಟ್ಟಿನ ಮೇಲೆ ಬಗ್ಗಿದ.

ಟೇಪು ಕೀಳಬೇಕಾದರೆ ಮೊದಲು ಅದರ ತುದಿ ಸಿಗಬೇಕು. ಅದು ಬೆರಳಿಗೆ ಸಿಗುವಂಥದ್ದು, ಕಣ್ಣಿಗಲ್ಲ. ಅಣ್ಣ ಉಗುರಿನಿಂದ ಕೆರೆದ. ಸಿಗಲಿಲ್ಲ. ಒಂದು ಗೇಣು ಪಕ್ಕಕ್ಕೆ ಸರಿದು ಕೆರೆದ. ಅಲ್ಲಿ ತುದಿಯೇ ಇರಲಿಲ್ಲ. ಮತ್ತೆ ಹಿಂದಕ್ಕೆ ಬಂದ. "ಅಂಟು ಜಾಸ್ತಿ" ಎಂದ. ಟಿಂಕರ್ ಮೊದಲು ನಕ್ಕ, "ಅಣ್ಣನಿಗೆ ಟೇಪಿನ ಪರಿಚಯವೇ ಇಲ್ಲ ನೋಡ್ರಪ್ಪ" ಅಂದ. ಆಮೇಲೆ ಅವನ ನಗು ಅರ್ಧಕ್ಕೇ ನಿಂತಿತು. ಅಣ್ಣ ಕೆರೆಯುತ್ತಲೇ ಇದ್ದ. ಹಣೆಯಲ್ಲಿ ಬೆವರು ಮೂಡಿತು. ಅವನ ಉಗುರು ಟೇಪನ್ನು ದಾಟಿ ಬರೀ ಬಣ್ಣದ ಮೇಲೆ ಓಡಾಡುತ್ತಿತ್ತು, ಅದೂ ಅವನಿಗೆ ತಿಳಿಯಲಿಲ್ಲ. ಕರಿ ಬಣ್ಣದ ಮೇಲೆ ಬಿಳಿಯ ಗೀರು ಒಂದೊಂದಾಗಿ ಬಿತ್ತು. ಎಲ್ಲರೂ ನೋಡುತ್ತ ನಿಂತಿದ್ದೆವು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

"ಬಿಡು" ಅಂದರು ಮಾಲೀಕರು. ಗದರಲಿಲ್ಲ. ಹತ್ತಿರ ಬಂದು ಅವನ ಬಲಗೈ ಹಿಡಿದರು. "ಆ ಕಡೆ ನೋಡು. ಕೀ ಮುಟ್ಟಿಸ್ತೀನಿ, ಯಾವ ಬೆರಳು ಹೇಳು."

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಮಾಲೀಕರು ಇನ್ನೂ ಮುಟ್ಟಿಸಿಯೇ ಇರಲಿಲ್ಲ.

"ತೋರುಬೆರಳು" ಅಂದ ಅಣ್ಣ.

ಮಾಲೀಕರು ಕೀಯನ್ನು ಜೇಬಿಗೆ ಹಾಕಿಕೊಂಡರು. ಗಡಿಯಾರ ನೋಡಿದರು. ಮಧ್ಯಾಹ್ನದೊಳಗೆ ಇನ್ನೊಬ್ಬ ಪಾಲಿಷ್‌ನವನನ್ನು ಎಲ್ಲಿಂದ ತರುವುದು? "ಇದೊಂದು ಗಾಡಿ ಮುಗಿಸು" ಅಂದು ಹೊರಟು ಹೋದರು. ಟಿಂಕರ್ ಏನೋ ಮರೆತವನಂತೆ ಅವರ ಹಿಂದೆ ಹೋದ.

ನಾನು ಟೇಪು ಮುಟ್ಟಲು ಹೋದೆ. "ಕಿತ್ತು ಹಾಕು. ಎಲ್ಲಾನೂ" ಅಂದ ಅಣ್ಣ. ಕಿತ್ತೆ. ನನ್ನ ಬೆರಳಿಗೆ ಪ್ರತಿಯೊಂದು ತುದಿಯೂ ಥಟ್ಟನೆ ಸಿಗುತ್ತಿತ್ತು. ಅದಕ್ಕಾಗಿ ನನಗೆ ನಾಚಿಕೆಯಾಯಿತು.

ಟೇಪಿಲ್ಲದ ಆ ಕಾರಿಗೆ ಅವನು ಮಷಿನ್ ಹಿಡಿದಾಗ ನಾನು ಬಾಗಿಲಲ್ಲಿ ನಿಂತೆ. ಎರಡೂವರೆ ಗಂಟೆ ಹಿಡಿಯಿತು. ತಾನೇ ಗೀಚಿದ್ದ ಗೀರುಗಳನ್ನು ಮೊದಲು ತೆಗೆದ. ಅಂಚು ಬಂದಾಗಲೆಲ್ಲ ಮಷಿನ್ ಹಗುರಾಗಿ ಬಂದು, ಸರಿಯಾದ ಹೊತ್ತಿಗೆ ಎದ್ದು ಹೋಗುತ್ತಿತ್ತು. ಒಂದು ಕಡೆಯೂ ಸುಡಲಿಲ್ಲ. ಹನ್ನೆರಡಕ್ಕೆ ಬಂದ ಹಲ್ಲಿನ ಡಾಕ್ಟರು ಟಾರ್ಚು ಹಿಡಿದು ಎರಡು ಸುತ್ತು ಸುತ್ತಿದರು. ಅವರ ಮುಖ ಬಾನೆಟ್ಟಿನಲ್ಲಿ ಹುಬ್ಬಿನ ಕೂದಲ ಸಮೇತ ಕಾಣುತ್ತಿತ್ತು. "ಹೊಸದರ ಹಾಗಿದೆ" ಅಂದು ಕೀ ತಗೊಂಡು ಹೋದರು. ಅವತ್ತು ನಾನು ಯಾವ ಡಾಕ್ಟರಮ್ಮನನ್ನೂ ಕರೆತರಬೇಕಾಗಲಿಲ್ಲ.

ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಅಣ್ಣ ಕೈ ತೊಳೆಯುತ್ತಿದ್ದ. ಹತ್ತಿರ ಹೋಗಿ, "ಹೇಗೆ ಮಾಡಿದೆ?" ಎಂದು ಕೇಳಿದೆ.

"ಎಣಿಸ್ತೀನಿ" ಅಂದ. "ನಡುವೆ ಆದ್ರೆ ಆರು ಸಲ ಓಡಿಸೋದು. ಅಂಚಿಗೆ ಎರಡೇ. ಬಿಸಿಲು ಬಿದ್ದಿದ್ರೆ ಒಂದು ಕಮ್ಮಿ. ಬೆರಳಿಡ್ತೀನಿ, ಅದು ನೋಡೋರಿಗೆ. ಎಂಟು ತಿಂಗಳಾಯ್ತು ಕಣೋ ಬೆರಳು ಹೋಗಿ. ಎಂಟು ತಿಂಗಳಲ್ಲಿ ಒಂದಾದ್ರೂ ಸುಟ್ಟಿದೀನಾ?"

"ಇಲ್ಲ."

"ಅಮ್ಮನ ಕಾಲು ಸುಟ್ಟೆ. ಅದು ನನ್ನ ತಪ್ಪೇ. ನೀರಿಗೆ ಎಣಿಕೆ ಇಲ್ಲ." ನಲ್ಲಿ ನಿಲ್ಲಿಸಲು ಹೋಗಿ, ನಿಂತಿತೋ ಇಲ್ಲವೋ ಎಂದು ಬಗ್ಗಿ ಕಣ್ಣಿನಿಂದ ನೋಡಿದ. "ಕಾರು ಸುಟ್ಟಿದ್ರೂ ಬಣ್ಣ ತೆಳು ಇತ್ತು ಅಂತಿದ್ದೆ. ಇಪ್ಪತ್ತೆರಡು ವರ್ಷದ ಕೈ, ನಂಬ್ತಿದ್ರು. ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತೋ ನಿನಗೆ?"

ಅತ್ತುಬಿಟ್ಟೆ. ಅವನು ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ಡಬ್ಬಿಯ ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಗೇಟಿನ ಹತ್ತಿರದ ಬೆಂಚಿಗೆ ಹೋಗಿ ಕೂತ.

ನಾನು ಕಣ್ಣೊರೆಸಿಕೊಂಡು ಮಾಲೀಕರ ರೂಮಿಗೆ ನುಗ್ಗಿದೆ. ಜೀವಮಾನದಲ್ಲಿ ಅಷ್ಟು ಮಾತಾಡಿರಲಿಲ್ಲ. ಎಣಿಕೆಯ ವಿಷಯ ಹೇಳಿದೆ. ಎಂಟು ತಿಂಗಳಲ್ಲಿ ಹೋದ ಒಂದೊಂದು ಗಾಡಿಯನ್ನೂ ಬಣ್ಣದ ಸಮೇತ ಹೆಸರು ಹಿಡಿದು ಹೇಳಿದೆ. ಬೆರಳಿರುವ ಎಷ್ಟು ಜನ ಎಷ್ಟು ಅಂಚು ಸುಟ್ಟಿದ್ದಾರೆ ಎಂದು ಹೇಳಿದೆ. ಇವತ್ತಿನ ಗಾಡಿಯನ್ನು ನೀವೇ ನೋಡಿದ್ದೀರಲ್ಲ ಸರ್, ಅಂದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಸರ್, ಅಂದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೆಟ್ಟ ಮನುಷ್ಯರಲ್ಲ, ಆಗಿದ್ದರೆ ಬೈದಾದರೂ ಬರುತ್ತಿದ್ದೆ.

"ಟೇಪು ಯಾರು ಹಚ್ಚಿದ್ದು?" ಎಂದು ಕೇಳಿದರು.

"ನಾನೇ, ಸರ್."

"ಯಾಕೆ ಹಚ್ಚಿದೆ?"

ಉಗುರಿನಲ್ಲಿ ಇನ್ನೂ ಉಳಿದಿದ್ದ ಟೇಪಿನ ಅಂಟನ್ನು ಕೆರೆಯತೊಡಗಿದೆ.

"ಒಂದೇ ಮನೇಲಿ ಇರ್ತೀರ. ಒಟ್ಟಿಗೆ ಬೆಳೆದಿದೀರ. ನೀನೇ ಆ ಕೈ ನಂಬ್ಲಿಲ್ಲ. ನನಗೆ ನಂಬಿ ಅಂತೀಯಲ್ಲ" ಅಂದರು ಮಾಲೀಕರು. "ನಾಳೆಯಿಂದ ಬೇರೆಯವನು ಬರ್ತಾನೆ. ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ, ಹೋಗು."

ಹೊರಗೆ ಬಂದೆ. ಅಣ್ಣ ಬೆಂಚಿನಿಂದ ಏಳದೆ, "ಏನಂದ್ರು?" ಎಂದ.

"ನೋಡೋಣ ಅಂದ್ರು ಅಣ್ಣ. ಸ್ವಲ್ಪ ದಿನ ರೆಸ್ಟ್ ತಗೊಳ್ಳಲಿ, ಡಾಕ್ಟರಿಗೆ ತೋರಿಸಲಿ, ಆಮೇಲೆ..."

"ನನಗೂ ಕಾರು ಮಾರ್ತಿದೀಯೇನೋ?" ಎಂದ.

ಆಗ ನಿಜ ಹೇಳಿದೆ. ಮಾಲೀಕರು ಅಂದದ್ದನ್ನು ಒಂದು ಪದ ಬಿಡದೆ, ಸೇರಿಸದೆ ಹೇಳಿದೆ. ನೀನೇ ಆ ಕೈ ನಂಬ್ಲಿಲ್ಲ ಎಂಬುದನ್ನೂ ಹೇಳಿದೆ. ಹೇಳಿದರೆ ಅವನಿಗೆ ಸಿಟ್ಟು ಬರಬಹುದು, ನನ್ನ ಕೆನ್ನೆಗೆ ಒಂದು ಬಿಡಬಹುದು, ಅಷ್ಟಕ್ಕೆ ನನ್ನ ಭಾರ ಇಳಿಯಬಹುದು ಎಂಬ ಆಸೆಯಿತ್ತು.

ಅಣ್ಣ ಡಬ್ಬಿಯ ಚೀಲವನ್ನು ಮತ್ತೆ ಮೊಣಕೈಗೆ ಸಿಕ್ಕಿಸಿಕೊಂಡ. "ಸರಿಯಾಗೇ ಹೇಳಿದಾರೆ" ಅಂದು ಎದ್ದ.

ಅವತ್ತು ಬಸ್ಸಿನಲ್ಲಿ ಅಕ್ಕಪಕ್ಕ ಕೂತೇ ಮನೆಗೆ ಬಂದೆವು. ಇದಾಗಿ ಮೂರು ವರ್ಷವಾಯಿತು. ನಾನು ಈಗಲೂ ಅದೇ ಯಾರ್ಡಿಗೆ ಹೋಗುತ್ತೇನೆ. ಅಣ್ಣ ಮನೆಯಲ್ಲಿರುತ್ತಾನೆ. ಅಮ್ಮನ ಕಾಲಿನ ನೀರನ್ನು ಅತ್ತಿಗೆಯೇ ಹದ ಮಾಡುತ್ತಾರೆ. ಅವನು ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಾನೆ, ಊಟ ಆಯ್ತಾ ಅನ್ನುತ್ತಾನೆ, ವ್ಯಾಪಾರ ಹೇಗಿದೆ ಅನ್ನುತ್ತಾನೆ. ಒಂದು ದಿನಕ್ಕೂ ಆ ವಿಷಯ ಎತ್ತಿ ಜಗಳಕ್ಕೆ ಬಂದಿಲ್ಲ. ಬಂದಿದ್ದರೆ ಚೆನ್ನಾಗಿತ್ತು.